ಬೆಳಗ್ಗೆ ಮಾತ್ರ ಹಠ ಹಿಡಿಯುವ ಹಳೇ ಡೀಸೆಲ್ ಜೀಪ್: ಪಂಪ್ ಇಳಿಸುವ ಮೊದಲು ನೋಡಬೇಕಾದ್ದು

ಪ್ರಶ್ನೆ: ನಮ್ಮದು 1999ರ ಮಹೀಂದ್ರ ಕಮಾಂಡರ್, ಡಿಐ ಎಂಜಿನ್. ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ಓಡುತ್ತದೆ. ಒಂದು ವರ್ಷದಿಂದ ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತಿದೆ. ಸೆಲ್ಫ್ ಚೆನ್ನಾಗಿಯೇ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಬಾನೆಟ್ ಎತ್ತಿ ಹ್ಯಾಂಡ್ ಪ್ರೈಮರನ್ನು (ಡೀಸೆಲ್ ಮುಂದಕ್ಕೆ ತಳ್ಳುವ ಕೈಪಂಪು) ಮೂವತ್ತು ನಲವತ್ತು ಸಲ ಒತ್ತಿದರೆ ಹಿಡಿಯುತ್ತದೆ. ಆಮೇಲೆ ಸಂಜೆಯವರೆಗೆ ಎಷ್ಟು ಸಲ ನಿಲ್ಲಿಸಿದರೂ ಕೀ ಮುಟ್ಟಿದ ಕೂಡಲೇ ಸ್ಟಾರ್ಟ್. ಎರಡು ದಿನ ನಿಂತರೆ ಇನ್ನೂ ಕಷ್ಟ. ಬ್ಯಾಟರಿ ಹೊಸದು, ಸೆಲ್ಫ್ ಎರಡು ಸಲ ರಿಪೇರಿ ಆಗಿದೆ, ಡೀಸೆಲ್ ಫಿಲ್ಟರ್ ಮೂರು ಸಲ ಬದಲಾಗಿದೆ, ನಾಝಲ್ (ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಭಾಗ) ಸರ್ವಿಸ್ ಒಮ್ಮೆ ಆಗಿದೆ. ಪ್ರತಿ ಸಲವೂ ಹತ್ತು ಹದಿನೈದು ದಿನ ಸರಿಯಿದ್ದು ಮತ್ತೆ ಅದೇ ಪಾಡು. ಈಗ ನಾಝಲುಗಳಿಗೆ ಒತ್ತಡದಲ್ಲಿ ಡೀಸೆಲ್ ಕೊಡುವ ದೊಡ್ಡ ಪಂಪನ್ನು ಇಳಿಸಿ ಕ್ಯಾಲಿಬ್ರೇಶನ್‌ಗೆ ಕೊಡಬೇಕು ಎನ್ನುತ್ತಿದ್ದಾರೆ. ಕೊಡಬೇಕೇ? ಪಂಪ್ ನಾಲ್ಕು ಪೈಪು ಸಾಲಾಗಿ ಹೊರಡುವ ಇನ್‌ಲೈನ್ ಮಾದರಿಯದು. ಎಂಜಿನ್ ನಿಲ್ಲಿಸಲು ಎಳೆಯುವ ನಾಬ್ ಇದೆ. ಗಾಡಿಯನ್ನು ಮನೆ ಮುಂದಿನ ಏರಿನಲ್ಲಿ, ಮೂತಿ ಮೇಲಾಗಿ ನಿಲ್ಲಿಸುತ್ತೇವೆ.

ಉತ್ತರ: ಈಗಲೇ ಕೊಡಬೇಡಿ. ನೀವು ಬರೆದಿರುವ ಲಕ್ಷಣಗಳಲ್ಲಿ ಪಂಪಿನ ಮೇಲೆ ಬೊಟ್ಟು ಮಾಡುವಂಥದ್ದು ಒಂದೂ ಇಲ್ಲ. ಪಂಪಿನ ಒಳಗೆ ಡೀಸೆಲ್ ಒತ್ತುವ ಎಲಿಮೆಂಟ್ ಸವೆದಿದ್ದರೆ ಗಾಡಿ ಬಿಸಿಯಾದಾಗಲೇ ಹೆಚ್ಚು ಕಾಡುತ್ತದೆ. ಬಿಸಿ ಡೀಸೆಲ್ ತೆಳುವಾಗಿ ಸವೆದ ಸಂದಿಯಲ್ಲಿ ಹಿಂದಕ್ಕೆ ಸೋರುತ್ತದೆ, ಸೆಲ್ಫ್ ತಿರುಗಿಸುವ ನಿಧಾನ ವೇಗದಲ್ಲಿ ನಾಝಲ್ ತೆರೆಯುವಷ್ಟು ಒತ್ತಡ ಹುಟ್ಟುವುದಿಲ್ಲ. ನಿಮ್ಮದು ಇದಕ್ಕೆ ಪೂರಾ ತದ್ವಿರುದ್ಧ. ಬಿಸಿ ಇದ್ದಾಗ ಸಲೀಸು, ರಾತ್ರಿ ನಿಂತರೆ ತಕರಾರು, ಎರಡು ರಾತ್ರಿ ನಿಂತರೆ ದುಪ್ಪಟ್ಟು ತಕರಾರು, ಪ್ರೈಮರ್ ಒತ್ತಿದರೆ ಪರಿಹಾರ. ನಿಂತಿರುವ ಹೊತ್ತಿನಲ್ಲಿ ಡೀಸೆಲ್ ಪೈಪಿನಿಂದ ಟ್ಯಾಂಕಿಗೆ ವಾಪಸು ಇಳಿದುಹೋಗುತ್ತಿದೆ, ಆ ಜಾಗವನ್ನು ಗಾಳಿ ತುಂಬುತ್ತಿದೆ. ಗ್ಯಾರೇಜಿನ ಮಾತಿನಲ್ಲಿ ಹೇಳುವುದಾದರೆ ಗಾಡಿ ‘ಏರ್ ಎಳೆಯುತ್ತಿದೆ’.

ಇದನ್ನು ಕಾಸು ಖರ್ಚಿಲ್ಲದೆ ಪರೀಕ್ಷಿಸಬಹುದು. ಇವತ್ತು ರಾತ್ರಿ ಗಾಡಿಯನ್ನು ತಿರುಗಿಸಿ, ಮೂತಿ ಇಳಿಜಾರಿನ ಕಡೆಗೆ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ. ಟ್ಯಾಂಕ್ ಮುಕ್ಕಾಲಿಗಿಂತ ಹೆಚ್ಚು ತುಂಬಿರಲಿ. ಮೂತಿ ಮೇಲಾಗಿ ನಿಂತಾಗ ಪಂಪು ಟ್ಯಾಂಕಿಗಿಂತ ಇನ್ನಷ್ಟು ಎತ್ತರಕ್ಕೆ ಹೋಗುತ್ತದೆ, ಡೀಸೆಲ್ ಬೇಗ ಇಳಿಯುತ್ತದೆ. ಮೂತಿ ಕೆಳಗಾದರೆ ಆ ಎಳೆತ ಬಹಳ ಕಡಿಮೆ. ಬೆಳಗ್ಗೆ ಪ್ರೈಮರ್ ಮುಟ್ಟದೆ ಸ್ಟಾರ್ಟ್ ಆಯಿತೆಂದರೆ ಅರ್ಧ ರೋಗ ಪತ್ತೆಯಾದಂತೆ.

ಎಲ್ಲಿಂದ ಗಾಳಿ ಬರುತ್ತಿದೆ ಎನ್ನುವುದು ಉಳಿದರ್ಧ. ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಡೀಸೆಲ್ ಸೋರಿದ ಒದ್ದೆ ಜಾಗ ಹುಡುಕುತ್ತಾರೆ, ಸಿಗುವುದಿಲ್ಲ, ‘ಲೀಕ್ ಏನೂ ಇಲ್ಲ’ ಎಂದು ಬಿಡುತ್ತಾರೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ (ದೊಡ್ಡ ಪಂಪಿಗೆ ಡೀಸೆಲ್ ತಂದುಕೊಡುವ ಚಿಕ್ಕ ಪಂಪು, ಪ್ರೈಮರ್ ಇದರ ಮೇಲೆಯೇ ಇರುತ್ತದೆ) ದಾರಿಯಲ್ಲಿ ಡೀಸೆಲನ್ನು ಯಾರೂ ತಳ್ಳುವುದಿಲ್ಲ, ಫೀಡ್ ಪಂಪು ಅದನ್ನು ಹೀರುತ್ತದೆ. ಹೀರುವ ಪೈಪಿನಲ್ಲಿ ತೂತಿದ್ದರೆ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಅಷ್ಟೂ ಪೈಪು ಒಣಗಿ ಧೂಳು ಹಿಡಿದಿದ್ದರೂ ತೂತಿರಬಹುದು. ಫೀಡ್ ಪಂಪಿನಿಂದ ಮುಂದೆ, ಅಂದರೆ ಫಿಲ್ಟರ್ ಮತ್ತು ದೊಡ್ಡ ಪಂಪಿನ ಗ್ಯಾಲರಿಯಲ್ಲಿ (ಡೀಸೆಲ್ ತುಂಬಿರುವ ಒಳಕೋಣೆ), ಎಂಜಿನ್ ಓಡುವಾಗ ಒತ್ತಡ ಇರುತ್ತದೆ. ದೊಡ್ಡ ಸೋರಿಕೆಯಾದರೆ ಅಲ್ಲಿ ಒದ್ದೆ ಕಾಣುತ್ತದೆ. ಕೂದಲೆಳೆಯಷ್ಟು ಸಂದಿಯಾದರೆ ಸೋರಿದ್ದು ಬಿಸಿಗೆ ಆರಿಹೋಗುತ್ತದೆ. ಎಂಜಿನ್ ನಿಂತ ಮೇಲೆ ಅದೇ ಸಂದಿಯಿಂದ ಗಾಳಿ ಒಳಗೆ ಬರುತ್ತದೆ, ಏಕೆಂದರೆ ಆ ಭಾಗವೂ ಟ್ಯಾಂಕಿಗಿಂತ ಮೇಲಿದೆ.

ಪ್ರತಿ ರಿಪೇರಿಯ ನಂತರ ಹತ್ತು ಹದಿನೈದು ದಿನ ಸರಿಯಾಗುವುದೂ ಇದೇ ಕಾರಣಕ್ಕೆ. ಫಿಲ್ಟರ್ ಬದಲಿಸಿದವರು ಏರ್ ತೆಗೆದು (ಒಳಗೆ ಸೇರಿದ ಗಾಳಿಯನ್ನು ಹೊರಬಿಟ್ಟು) ನಟ್ಟುಗಳನ್ನೆಲ್ಲ ಬಿಗಿ ಮಾಡಿರುತ್ತಾರೆ. ನಾಝಲ್ ಬಿಚ್ಚಿದವರೂ ಅದನ್ನೇ ಮಾಡಿರುತ್ತಾರೆ. ಗುಣವಾದದ್ದು ಹೊಸ ಸಾಮಾನಿನಿಂದಲ್ಲ, ಕೆಲಸದ ಕೊನೆಗೆ ಬಿಗಿ ಮಾಡಿದ್ದರಿಂದ. ಹಳೇ ವಾಷರು ಬಿಸಿ, ತಂಪು, ಅದುರುವಿಕೆಯಲ್ಲಿ ಮತ್ತೆ ಸಡಿಲವಾಗುವವರೆಗೆ ನಡೆಯುತ್ತದೆ, ಅಷ್ಟೆ.

ಆದರೂ ಗುಮಾನಿಯ ಮೇಲೆ ಕೆಲಸ ಮಾಡುವುದು ಬೇಡ. ಗಾಡಿ ಮುಷ್ಕರ ಹೂಡಿದ ಬೆಳಗ್ಗೆಯೇ, ಪ್ರೈಮರಿಗೆ ಕೈ ಹಾಕುವ ಮೊದಲು, ಹತ್ತು ನಿಮಿಷ ಕೊಟ್ಟು ನೋಡಿ. ಪ್ರೈಮರ್ ಒತ್ತಿದ ಕ್ಷಣವೇ ಸಾಕ್ಷಿ ಅಳಿಸಿಹೋಗುತ್ತದೆ.

ಮೊದಲು ಕರೆಂಟಿನ ಲೆಕ್ಕ ಮುಗಿಸಿ. ರಾತ್ರಿಯಿಡೀ ನಿಂತ ಬ್ಯಾಟರಿಯಲ್ಲಿ 12.6 ವೋಲ್ಟ್ ಇದ್ದರೆ ತುಂಬಿದೆ, 12.2 ಇದ್ದರೆ ಅರ್ಧ ಖಾಲಿ. ಸ್ಟಾಪ್ ನಾಬ್ ಎಳೆದು ಹಿಡಿದು ಸೆಲ್ಫ್ ಕೊಟ್ಟಾಗ ಬ್ಯಾಟರಿಯ ಎರಡು ತುದಿಗಳ ನಡುವೆ 9.6 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಆಗಲೇ ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಬರಿಯ ಲೋಹಕ್ಕೂ ಒತ್ತಿ ಹಿಡಿಯಿರಿ. ಅಲ್ಲಿ 0.2 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ಥಿಂಗ್ ಪಟ್ಟಿ ಕೊಳೆತಿದೆ. ಮಲೆನಾಡಿನ ಗಾಡಿಗಳಲ್ಲಿ ಛಾಸಿಗೆ ಬೋಲ್ಟ್ ಹಾಕಿದ ಜಾಗದಲ್ಲಿ ತುಕ್ಕು ಕೂರುವುದು ಮಾಮೂಲು. ಬಿಚ್ಚಿ, ಉಜ್ಜಿ, ಗ್ರೀಸ್ ಹಚ್ಚಿ ಕೂರಿಸಿದರೆ ಎಷ್ಟೋ ಸೆಲ್ಫ್ ರಿಪೇರಿಗಳು ಉಳಿಯುತ್ತವೆ. ಡೀಸೆಲ್ ಎಂಜಿನ್ನಿಗೆ ಸೆಲ್ಫ್ ವೇಗ ಜೀವಾಳ. ನಿಧಾನ ತಿರುಗಿದರೆ ಒತ್ತಿದ ಗಾಳಿ ರಿಂಗುಗಳ ಸಂದಿಯಲ್ಲಿ ಸೋರಿ, ಅದರ ಬಿಸಿ ಸಿಲಿಂಡರಿನ ತಣ್ಣನೆಯ ಗೋಡೆಗೆ ಹೋಗಿ, ಡೀಸೆಲ್ ಹೊತ್ತಿಕೊಳ್ಳುವುದೇ ಇಲ್ಲ.

ಈಗ ಒಬ್ಬರು ಸೆಲ್ಫ್ ಕೊಡಲಿ, ಇನ್ನೊಬ್ಬರು ಸೈಲೆನ್ಸರಿನ ಹಿಂದೆ ನಿಂತು ಹೊಗೆ ನೋಡಲಿ. ಇಡೀ ತಪಾಸಣೆಯಲ್ಲಿ ಇದಕ್ಕಿಂತ ಬೆಲೆಯುಳ್ಳ ಕೆಲಸ ಇನ್ನೊಂದಿಲ್ಲ, ಆದರೂ ಇದನ್ನು ಮಾಡುವವರು ಕಡಿಮೆ. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಸಿಲಿಂಡರಿಗೆ ತಲುಪುತ್ತಿದೆ, ಉರಿಯುತ್ತಿಲ್ಲ. ಆಗ ನೋಡಬೇಕಾದ್ದು ಸೆಲ್ಫ್ ವೇಗ, ಕಂಪ್ರೆಶನ್ (ಸಿಲಿಂಡರಿನಲ್ಲಿ ಒತ್ತಿದ ಗಾಳಿಯ ಒತ್ತಡ), ಪಂಪ್ ಟೈಮಿಂಗ್ (ಪಂಪು ಡೀಸೆಲ್ ಕೊಡುವ ಸರಿಯಾದ ಹೊತ್ತು), ನಾಝಲ್. ಹೊಗೆಯ ಸುಳಿವೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಲೇ ಇಲ್ಲ. ನಿಮ್ಮ ಗಾಡಿಯಲ್ಲಿ ಹೊಗೆ ಕಾಣಲಿಕ್ಕಿಲ್ಲ ಎಂದೇ ನನ್ನ ನಿರೀಕ್ಷೆ.

ಹೊಗೆ ಇಲ್ಲದಿದ್ದರೆ ಯಾವುದಾದರೂ ಎರಡು ನಾಝಲುಗಳ ಬಳಿ ಪೈಪಿನ ನಟ್ಟನ್ನು ಅರ್ಧದಿಂದ ಒಂದು ಸುತ್ತು ಸಡಿಲಿಸಿ. ಸಾಮಾನ್ಯವಾಗಿ 17ರ ಸ್ಪ್ಯಾನರ್ ಬೇಕು. ಹತ್ತು ಸೆಕೆಂಡು ಸೆಲ್ಫ್ ಕೊಡಿ. ಡೀಸೆಲ್ ಚಿಮ್ಮಿ ಚಿಮ್ಮಿ ಬಂದರೆ ಪೈಪು ತುಂಬಿದೆ. ನೊರೆ ಬಂದರೆ, ಅಥವಾ ಏನೂ ಬರದಿದ್ದರೆ, ಪಂಪಿನಲ್ಲಿ ಗಾಳಿ ಇದೆ. ಗಾಳಿ ಕುಗ್ಗುತ್ತದೆ, ಡೀಸೆಲ್ ಕುಗ್ಗುವುದಿಲ್ಲ. ಪ್ಲಂಜರ್ ಎಷ್ಟು ಒತ್ತಿದರೂ ಗಾಳಿಯ ಗುಳ್ಳೆ ಸ್ಪ್ರಿಂಗಿನಂತೆ ಕುಗ್ಗಿ ಹಿಗ್ಗುತ್ತದೆ, ನಾಝಲ್ ತೆರೆಯುವ ಒತ್ತಡ ಬರುವುದೇ ಇಲ್ಲ. ಈ ಕೆಲಸ ಮಾಡುವಾಗ ಕಣ್ಣಿಗೆ ಕನ್ನಡಕ ಇರಲಿ, ಚಿಮ್ಮುವ ಜಾಗಕ್ಕೆ ಬೆರಳು ಒಡ್ಡಬೇಡಿ. ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಸಣ್ಣ ಚುಕ್ಕೆಯಂತೆ ಕಂಡರೂ ಅದು ಆಸ್ಪತ್ರೆಗೆ ಓಡಬೇಕಾದ ಗಾಯ.

ಏನೂ ಬರದಿದ್ದಾಗ ಇನ್ನೊಂದನ್ನು ಮರೆಯದೆ ನೋಡಿ: ಸ್ಟಾಪ್ ಕೇಬಲ್. ನಾಬ್ ಒಳಗೆ ಹೋದರೂ ಮಳೆಗಾಲದಲ್ಲಿ ತುಕ್ಕು ಹಿಡಿದ ಕೇಬಲ್ ಪಂಪಿನ ಲಿವರನ್ನು ಪೂರ್ತಿ ಬಿಡದೆ ಇರಬಹುದು. ಪಂಪಿನ ಬಳಿ ಲಿವರನ್ನು ಕೈಯಿಂದ ಓಡುವ ಕಡೆಗೆ ದೂಡಿ, ಇನ್ನೂ ಸರಿಯುತ್ತದೆಯೇ ನೋಡಿ. ಸರಿದರೆ ತಪ್ಪಿತಸ್ಥ ಕೇಬಲ್ಲೇ.

ಗಾಳಿ ಎಂದು ಖಚಿತವಾದ ಮೇಲೆ ಅದರ ದಾರಿ ಹಿಡಿಯಲು ಎರಡು ಅಡಿ ಪಾರದರ್ಶಕ ಪೈಪು, ನಾಲ್ಕು ಕ್ಲಿಪ್ಪು ಸಾಕು. ನಿಮ್ಮ ರಬ್ಬರ್ ಪೈಪಿನ ಒಳ ಅಳತೆಯದ್ದೇ ಪೈಪು ತನ್ನಿ. ಒಂದಡಿಯನ್ನು ಫೀಡ್ ಪಂಪಿಗೆ ಡೀಸೆಲ್ ಬರುವ ಕಡೆ, ಇನ್ನೊಂದಡಿಯನ್ನು ಫಿಲ್ಟರಿನಿಂದ ಪಂಪಿಗೆ ಹೋಗುವ ಕಡೆ ಸೇರಿಸಿ, ಏರ್ ತೆಗೆದು, ಸಂಜೆ ಹದಿನೈದು ನಿಮಿಷ ಎಂಜಿನ್ ಓಡಿಸಿ. ಆಗಲೇ ಮೊದಲ ಪೈಪಿನಲ್ಲಿ ಗುಳ್ಳೆಗಳ ಸಾಲು ಬಿಡದೆ ಹರಿಯುತ್ತಿದ್ದರೆ ಟ್ಯಾಂಕಿನ ಕಡೆಯ ದಾರಿಯಲ್ಲಿ ತೂತಿದೆ. ಮೊದಲನೆಯದು ಶುದ್ಧವಾಗಿದ್ದು ಎರಡನೆಯದರಲ್ಲಿ ಮಾತ್ರ ಗುಳ್ಳೆ ಬರುತ್ತಿದ್ದರೆ ಗಾಳಿ ಸೇರುತ್ತಿರುವುದು ಫೀಡ್ ಪಂಪಿನಲ್ಲಿ, ಬಹುಪಾಲು ಹ್ಯಾಂಡ್ ಪ್ರೈಮರಿನಲ್ಲಿ. ಪ್ರೈಮರ್ ಒತ್ತಿ ಆದ ಮೇಲೆ ಅದರ ಗುಂಡಿಯನ್ನು ತಿರುಪಿ ಬಿಗಿ ಮಾಡಬೇಕು. ಹಾಗೇ ಸಡಿಲ ಬಿಟ್ಟರೆ, ಅಥವಾ ಒಳಗಿನ ರಬ್ಬರ್ ರಿಂಗ್ ಸವೆದಿದ್ದರೆ, ಪ್ರೈಮರೇ ಗಾಳಿಗೆ ಬಾಗಿಲಾಗುತ್ತದೆ. ಒಂದು ವರ್ಷದಿಂದ ದಿನಾ ನಲವತ್ತು ಸಲ ಒತ್ತಿದ ಪ್ರೈಮರ್ ನಿಮ್ಮದು, ಅದರ ರಿಂಗ್ ಮೇಲೆ ನನಗೆ ಅನುಮಾನ ಇದೆ. ಎರಡೂ ಪೈಪು ಸಂಜೆ ಶುದ್ಧವಾಗಿದ್ದು ಬೆಳಗ್ಗೆ ಖಾಲಿಯಾಗಿದ್ದರೆ, ಓಡುವಾಗ ಗಾಳಿ ಸೇರುತ್ತಿಲ್ಲ, ನಿಂತಾಗ ಡೀಸೆಲ್ ಇಳಿಯುತ್ತಿದೆ. ಪರೀಕ್ಷೆ ಮುಗಿದ ಮೇಲೆ ಪಾರದರ್ಶಕ ಪೈಪು ತೆಗೆದುಬಿಡಿ. ಸಾದಾ ಪ್ಲಾಸ್ಟಿಕ್ ಡೀಸೆಲಿಗೂ ಬಿಸಿಗೂ ಕೆಲವೇ ವಾರಗಳಲ್ಲಿ ಕಲ್ಲಿನಂತಾಗಿ ಬಿರುಕು ಬಿಡುತ್ತದೆ, ಆಗ ಹೊಸ ತೂತು ನೀವೇ ಮಾಡಿಟ್ಟಂತೆ.

ಜಾಗವನ್ನು ಇನ್ನೂ ಕಿರಿದು ಮಾಡಲು ಐದು ಲೀಟರಿನ ಶುಚಿಯಾದ ಕ್ಯಾನ್ ಇಟ್ಟುಕೊಂಡು ಎರಡು ರಾತ್ರಿಯ ಪರೀಕ್ಷೆ ಮಾಡಿ. ಈ ಎರಡು ದಿನ ಗಾಡಿ ರಸ್ತೆಗೆ ಇಳಿಯಬಾರದು.

ಮೊದಲ ರಾತ್ರಿ ಕ್ಯಾನನ್ನು ಪಂಪಿಗಿಂತ ಒಂದೆರಡು ಅಡಿ ಎತ್ತರದಲ್ಲಿ ಭದ್ರವಾಗಿ ಕಟ್ಟಿ. ಟ್ಯಾಂಕಿನ ಪೈಪು ಬಿಚ್ಚಿ, ಅದರ ಬಾಯಿಗೆ ಬೋಲ್ಟ್ ತುರುಕಿ ಕ್ಲಿಪ್ ಹಾಕಿ. ಕ್ಯಾನಿನಿಂದ ಹೊಸ ಪೈಪನ್ನು ನೇರ ಫೀಡ್ ಪಂಪಿಗೆ ಕೊಡಿ. ಹೆಚ್ಚಾದ ಡೀಸೆಲನ್ನು ವಾಪಸು ಒಯ್ಯುವ ರಿಟರ್ನ್ ಪೈಪು ಟ್ಯಾಂಕಿಗೇ ಹೋಗುತ್ತಿರಲಿ. ಏರ್ ತೆಗೆದು ಐದು ನಿಮಿಷ ಓಡಿಸಿ ನಿಲ್ಲಿಸಿ. ಕ್ಯಾನಿನ ಮೇಲೆ ಡೀಸೆಲ್ ಮಟ್ಟಕ್ಕೆ ಪೆನ್ನಿನಿಂದ ಗೆರೆ ಎಳೆಯಿರಿ, ಡಿಪ್‌ಸ್ಟಿಕ್ಕಿನಲ್ಲಿ ಎಂಜಿನ್ ಆಯಿಲ್ ಮಟ್ಟ ನೋಡಿಕೊಳ್ಳಿ. ಫಿಲ್ಟರ್, ಬೋಲ್ಟುಗಳು, ಫೀಡ್ ಪಂಪ್ ಎಲ್ಲವನ್ನೂ ಬಟ್ಟೆಯಿಂದ ಒಣಗುವಂತೆ ಒರೆಸಿ ಮುಖಕ್ಕೆ ಹಾಕುವ ಪೌಡರ್ ಉದುರಿಸಿ. ಈಗ ಡೀಸೆಲ್ ಮೇಲಿದೆ. ದಿನಾ ಗಾಳಿ ಒಳಗೆ ಬರುತ್ತಿದ್ದ ಸಂದಿಯಿಂದ ಈ ರಾತ್ರಿ ಡೀಸೆಲ್ ಹೊರಗೆ ಬರಲೇಬೇಕು. ಬೆಳಗ್ಗೆ ಪೌಡರ್ ಎಲ್ಲಿ ಒದ್ದೆಯಾಗಿದೆಯೋ ಅದೇ ಜಾಗ. ಗೆರೆಗಿಂತ ಡೀಸೆಲ್ ಇಳಿದಿದ್ದು ಹೊರಗೆಲ್ಲೂ ಒದ್ದೆಯಿಲ್ಲ, ಆಯಿಲ್ ಮಟ್ಟವೂ ಏರಿಲ್ಲ ಎಂದಾದರೆ ಅದು ರಿಟರ್ನ್ ದಾರಿಯಲ್ಲಿ ಟ್ಯಾಂಕಿಗೆ ಜಾರಿದೆ, ಅಂದರೆ ಪಂಪಿನ ತುದಿಯ ಓವರ್‌ಫ್ಲೋ ವಾಲ್ವ್ ಮುಚ್ಚುತ್ತಿಲ್ಲ. ಆಯಿಲ್ ಮಟ್ಟ ಏರಿದ್ದರೆ ಅದು ಗಂಭೀರ: ಫೀಡ್ ಪಂಪಿನ ಕಡ್ಡಿಯ ರಿಂಗ್ ಸವೆದು ಡೀಸೆಲ್ ಆಯಿಲ್‌ಗೆ ಬೆರೆಯುತ್ತಿದೆ. ತೆಳುವಾದ ಆಯಿಲ್‌ನಲ್ಲಿ ಬೇರಿಂಗ್ ಉಳಿಯುವುದಿಲ್ಲ. ಆಯಿಲ್ ಬದಲಿಸದೆ ಎಂಜಿನ್ ಓಡಿಸಬೇಡಿ.

ಆ ಬೆಳಗ್ಗೆ ಗಾಡಿ ಕೀ ಮುಟ್ಟಿದ ಕೂಡಲೇ ಸ್ಟಾರ್ಟ್ ಆದರೆ ಪಂಪ್, ನಾಝಲ್, ಕಂಪ್ರೆಶನ್ ಮೂರೂ ನಿರಪರಾಧಿಗಳು. ಆದರೆ ಗಾಳಿ ಯಾವ ಭಾಗದಲ್ಲಿ ಸೇರುತ್ತಿತ್ತು ಎಂಬುದು ಇದರಿಂದ ತಿಳಿಯುವುದಿಲ್ಲ, ಏಕೆಂದರೆ ಡೀಸೆಲ್ ಮೇಲಿದ್ದಾಗ ತೂತಿದ್ದರೂ ಸ್ಟಾರ್ಟ್ ಆಗಿಬಿಡುತ್ತದೆ. ಅದಕ್ಕೇ ಎರಡನೆಯ ರಾತ್ರಿ. ಅದೇ ಕ್ಯಾನನ್ನು ಟ್ಯಾಂಕಿನ ಮಟ್ಟಕ್ಕೆ ಇಳಿಸಿ ಇಡಿ. ಪೈಪು ಅದೇ ಹೊಸದು. ಬೆಳಗ್ಗೆ ಸಲೀಸಾಗಿ ಸ್ಟಾರ್ಟ್ ಆದರೆ ದೋಷ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ಹಳೇ ದಾರಿಯಲ್ಲಿ. ಮತ್ತೆ ಹಠ ಹಿಡಿದರೆ ಫೀಡ್ ಪಂಪ್ ಅಥವಾ ಅದರಿಂದಾಚೆ.

ಹಳೇ ದಾರಿ ಎಂದು ತಿಳಿದರೆ ರಬ್ಬರ್ ಪೈಪುಗಳನ್ನು ತಡಕಾಡುತ್ತ ಕೂರಬೇಡಿ, ಎಲ್ಲವನ್ನೂ ಡೀಸೆಲ್‌ಗೆ ತಕ್ಕ ಹೊಸ ಪೈಪಿಗೆ ಬದಲಿಸಿ. ಇಪ್ಪತ್ತೈದು ವರ್ಷದ ರಬ್ಬರ್ ಹೊರಗಿನಿಂದ ಚೆನ್ನಾಗಿ ಕಂಡರೂ ಕ್ಲಿಪ್ಪಿನ ಅಡಿಯಲ್ಲಿ ಬಿರಿದಿರುತ್ತದೆ. ಕಬ್ಬಿಣದ ಪೈಪು ಛಾಸಿಗೆ ಉಜ್ಜುವ ಕಡೆ ಕೈಯಾಡಿಸಿ, ತುಕ್ಕಿನ ಗುಳ್ಳೆ ಸಿಕ್ಕರೆ ಅದನ್ನೂ ಬದಲಿಸಿ. ವಾಟರ್ ಸೆಪರೇಟರಿನ ಬಟ್ಟಲಿನ ರಬ್ಬರ್ ರಿಂಗ್, ಕೆಳಗಿನ ನೀರು ಬಿಡುವ ತಿರುಪು ಎರಡನ್ನೂ ನೋಡಿ. ಟ್ಯಾಂಕಿನೊಳಗೆ ಇಳಿಬಿಟ್ಟ ಹೀರುವ ಕೊಳವೆಯಲ್ಲಿ ಬಿರುಕಿದ್ದರೆ ಟ್ಯಾಂಕ್ ತುಂಬಿದ್ದಾಗ ತೊಂದರೆಯೇ ಇರುವುದಿಲ್ಲ, ಅರ್ಧಕ್ಕಿಂತ ಕೆಳಗಿಳಿದಾಗ ಶುರುವಾಗುತ್ತದೆ. ಡೀಸೆಲ್ ತುಂಬಿಸಿದ ವಾರ ಚೆನ್ನಾಗಿತ್ತೇ ಎಂದು ನೆನಪು ಮಾಡಿಕೊಳ್ಳಿ. ಕೊಳವೆಯ ತುದಿಯ ಜಾಲರಿ ಕಪ್ಪು ಪಾಚಿಯಿಂದ ಕಟ್ಟಿಕೊಂಡರೂ ಇದೇ ರೋಗ, ಏಕೆಂದರೆ ಕಟ್ಟಿದಷ್ಟೂ ಫೀಡ್ ಪಂಪ್ ಜೋರಾಗಿ ಹೀರಬೇಕು, ಜೋರಾಗಿ ಹೀರಿದಷ್ಟೂ ಸಣ್ಣ ಸಂದಿಯಿಂದ ಗಾಳಿ ನುಗ್ಗುತ್ತದೆ.

ಫೀಡ್ ಪಂಪಿನ ಕಡೆ ಎಂದಾದರೆ ಅದನ್ನು ಬಿಚ್ಚುವುದು ಎರಡು ಮೂರು ನಟ್ಟಿನ ಕೆಲಸ, ದೊಡ್ಡ ಪಂಪನ್ನು ಮುಟ್ಟಬೇಕಿಲ್ಲ. ಒಳಗೆ ಎರಡು ಪುಟ್ಟ ವಾಲ್ವುಗಳಿವೆ, ಹಿಂದೆ ಸ್ಪ್ರಿಂಗು. ಡೀಸೆಲ್ ಹಿಂದಕ್ಕೆ ಜಾರದಂತೆ ತಡೆಯುವುದು ಇವೇ. ಒಂದು ಮರಳಿನ ಕಣ ವಾಲ್ವಿನಡಿ ಸಿಕ್ಕರೂ ಸಾಕು, ರಾತ್ರಿಯೆಲ್ಲ ಸೋರುತ್ತದೆ. ಬಿಚ್ಚಿದ ಫೀಡ್ ಪಂಪಿನ ಹೊರಬಾಯಿಗೆ ಒಂದಡಿ ಪಾರದರ್ಶಕ ಪೈಪು ಸಿಕ್ಕಿಸಿ ಡೀಸೆಲ್ ತುಂಬಿ ನೆಟ್ಟಗೆ ನಿಲ್ಲಿಸಿ. ಹತ್ತು ನಿಮಿಷದಲ್ಲಿ ಮಟ್ಟ ಇಳಿದರೆ ವಾಲ್ವ್ ಹಿಡಿಯುತ್ತಿಲ್ಲ. ಬಿಡಿಭಾಗದ ಅಂಗಡಿಯಲ್ಲಿ ಫೀಡ್ ಪಂಪ್ ಕಿಟ್ ಕೇಳಿದರೆ ವಾಲ್ವ್, ಸ್ಪ್ರಿಂಗ್, ರಿಂಗುಗಳು ಒಟ್ಟಿಗೆ ಸಿಗುತ್ತವೆ. ಪ್ರೈಮರ್ ಬೇರೆಯಾಗಿಯೇ ಸಿಗುತ್ತದೆ, ನಿಮ್ಮ ಗಾಡಿಗೆ ಅದನ್ನು ಹೊಸದೇ ಹಾಕಿ.

ಓವರ್‌ಫ್ಲೋ ವಾಲ್ವ್ ನೋಡಲು ಮಾಮೂಲಿ ಬ್ಯಾಂಜೊ ಬೋಲ್ಟಿನಂತೆಯೇ (ಪೈಪಿನ ಉಂಗುರವನ್ನು ಹಿಡಿಯುವ ಟೊಳ್ಳು ಬೋಲ್ಟ್) ಇರುತ್ತದೆ, ಒಳಗೆ ಗುಂಡು ಮತ್ತು ಸ್ಪ್ರಿಂಗ್ ಇರುತ್ತದೆ ಅಷ್ಟೆ. ಹಿಂದೆ ಯಾರೋ ಬಿಚ್ಚಿದವರು ಅದರ ಜಾಗಕ್ಕೆ ಬರೀ ಬೋಲ್ಟ್ ಹಾಕಿಬಿಡುವುದು ಹಳೇ ಗಾಡಿಗಳಲ್ಲಿ ಸಾಮಾನ್ಯ. ಬಿಚ್ಚಿ, ತೊಳೆದು, ಶುಚಿಯಾದ ಪೈಪು ಸಿಕ್ಕಿಸಿ ಪಂಪಿನ ಕಡೆಯ ತುದಿಯಿಂದ ಬಾಯಲ್ಲಿ ಊದಿ. ಉಸಿರು ಸರಾಗ ಹಾದುಹೋದರೆ ವಾಲ್ವ್ ಕೆಟ್ಟಿದೆ ಅಥವಾ ಅದು ವಾಲ್ವೇ ಅಲ್ಲ.

ಫಿಲ್ಟರನ್ನು ಮೂರು ಸಲ ಬದಲಿಸಿದ್ದಾರೆ ಎಂದಿದ್ದೀರಿ. ಮೇಲಿನ ಮುಚ್ಚಳದ ತೋಡಿನಲ್ಲಿ ಹಳೇ ರಬ್ಬರ್ ರಿಂಗ್ ಅಂಟಿಕೊಂಡೇ ಉಳಿದು, ಅದರ ಮೇಲೆ ಹೊಸದು ಕೂತಿರಬಹುದು. ಮುಚ್ಚಳ ತೆಗೆದು ತೋಡನ್ನು ಉಗುರಿನಿಂದ ಕೆರೆದು ನೋಡಿ. ಪ್ರತಿ ಬ್ಯಾಂಜೊ ಬೋಲ್ಟಿಗೂ ಎರಡು ತಾಮ್ರದ ವಾಷರ್, ಪೈಪಿನ ಉಂಗುರದ ಆಚೆಗೊಂದು ಈಚೆಗೊಂದು. ಹಳೆಯದನ್ನು ಅಂಗಡಿಗೆ ಒಯ್ದು ಅದೇ ಅಳತೆಯ ಹೊಸದನ್ನು ತನ್ನಿ. ಒಮ್ಮೆ ಚಪ್ಪಟೆಯಾದ ತಾಮ್ರ ಗಡುಸಾಗಿರುತ್ತದೆ, ಎರಡನೇ ಸಲ ಕೂರುವುದಿಲ್ಲ. ತುರ್ತಿಗೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ, ಮೇಲಿನ ಕಪ್ಪನ್ನು ಉಜ್ಜಿ ಹಾಕಬಹುದು. ಸೋರುವ ಬೋಲ್ಟನ್ನು ಇನ್ನಷ್ಟು ಬಿಗಿ ಮಾಡಿ ಸರಿಪಡಿಸಲು ಹೋಗಬೇಡಿ. ಅದು ಒಳಗೆ ಟೊಳ್ಳು, ಕತ್ತರಿಸಿ ಹೋಗುತ್ತದೆ. ಟೆಫ್ಲಾನ್ ಟೇಪ್ ಬೇಡವೇ ಬೇಡ. ಅದರ ಎಳೆಯೊಂದು ಒಳಗೆ ಹೋದರೆ ವಾಲ್ವಿನಡಿ ಸಿಕ್ಕಿಕೊಳ್ಳುತ್ತದೆ.

ಕೆಲಸ ಮುಗಿದ ಮೇಲೆ ಏರ್ ತೆಗೆಯುವುದರಲ್ಲಿ ಅವಸರ ಮಾಡಬೇಡಿ. ಫಿಲ್ಟರಿನ ಮೇಲಿನ ಏರ್ ತಿರುಪನ್ನು ಸಡಿಲಿಸಿ, ಗುಳ್ಳೆಯಿಲ್ಲದ ಡೀಸೆಲ್ ಬರುವವರೆಗೆ ಪ್ರೈಮರ್ ಒತ್ತಿ, ಡೀಸೆಲ್ ಹರಿಯುತ್ತಿರುವಾಗಲೇ ತಿರುಪು ಬಿಗಿ ಮಾಡಿ. ಎರಡು ಫಿಲ್ಟರ್ ಇದ್ದರೆ ಟ್ಯಾಂಕಿನ ಕಡೆಯದು ಮೊದಲು. ಆಮೇಲೆ ಪಂಪಿನ ಗ್ಯಾಲರಿಯ ತಿರುಪು, ಕೊನೆಗೆ ನಾಝಲ್ ನಟ್ಟುಗಳು. ಸೆಲ್ಫನ್ನು ಒಂದು ಸಲಕ್ಕೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಕೊಡಬೇಡಿ, ನಡುವೆ ಒಂದು ನಿಮಿಷ ಬಿಡುವು ಇರಲಿ. ನಿಮ್ಮ ಸೆಲ್ಫ್ ಎರಡು ಸಲ ಕೆಟ್ಟದ್ದು ಈ ರೋಗದ ಫಲವೇ ಇರಬೇಕು: ಗಾಳಿಯನ್ನು ಹೊರದೂಡಲು ದಿನಾ ಬೆಳಗ್ಗೆ ಅದನ್ನು ದುಡಿಸಿದ್ದೀರಿ. ಮತ್ತೆ, ಯಾರೇ ಹೇಳಿದರೂ ಏರ್ ಕ್ಲೀನರಿಗೆ ಸ್ಟಾರ್ಟಿಂಗ್ ಸ್ಪ್ರೇ ಹೊಡೆಯಬೇಡಿ. ಅದು ಡೀಸೆಲ್‌ಗಿಂತ ಬಹಳ ಮೊದಲೇ ಸಿಡಿದು ಪಿಸ್ಟನ್ ರಿಂಗ್ ಮುರಿಯಬಲ್ಲದು.

ಇಷ್ಟೆಲ್ಲ ಆಗಿಯೂ ಪೈಪುಗಳಲ್ಲಿ ಒಂದೂ ಗುಳ್ಳೆ ಇಲ್ಲ, ನಾಝಲ್ ನಟ್ಟಿನಲ್ಲಿ ಡೀಸೆಲ್ ಚಿಮ್ಮುತ್ತಿದೆ, ಸೆಲ್ಫ್ ವೇಗ ಸರಿಯಿದೆ, ಬಿಳಿ ಹೊಗೆ ಬರುತ್ತಿದೆ, ಆದರೂ ಹಿಡಿಯುತ್ತಿಲ್ಲ ಎಂದಾದರೆ ಪಂಪಿಗಿಂತ ಮೊದಲು ಕಂಪ್ರೆಶನ್ ನೋಡಿಸಿ. ಯಾವ ಸಿಲಿಂಡರ್ ಆದರೂ 300 ಪಿಎಸ್‌ಐಗಿಂತ ಕೆಳಗಿದ್ದರೆ ಡಿಸೆಂಬರ್ ಚಳಿಯಲ್ಲಿ ಡೀಸೆಲ್ ಹೊತ್ತುವುದು ಕಷ್ಟ. ಕಂಪ್ರೆಶನ್ ಸರಿಯಿದ್ದು, ನಾಲ್ಕು ಪೈಪುಗಳಲ್ಲಿ ಒಂದೆರಡು ಮಾತ್ರ ಬಡಕಲಾಗಿ ಚಿಮ್ಮುತ್ತಿದ್ದರೆ ಆಗ ಪಂಪ್ ಇಳಿಸಿ. ಇಳಿಸುವ ಮೊದಲು ಪಂಪಿನ ಫ್ಲೇಂಜ್ ಮತ್ತು ಎಂಜಿನ್ ಎರಡರ ಮೇಲೂ ಒಂದೇ ನೇರಕ್ಕೆ ಉಳಿಯಿಂದ ಗುರುತು ಹೊಡೆಸಿ. ಆ ಗೆರೆ ತಪ್ಪಿ ಕೂತರೆ ಟೈಮಿಂಗ್ ಕೆಟ್ಟು, ಬೆಳಗಿನ ತಕರಾರು ಹೊಸ ಕಾರಣದಿಂದ ಮತ್ತೆ ಶುರುವಾಗುತ್ತದೆ.